ಅಳಿಸೋ ಪುಸ್ತಕಕ್ಕೆ ಇಷ್ಟು ಕಾಯೋದ್ಯಾಕೆ: ಹದಿಹರೆಯದ ದುಃಖ, ಅದನ್ನ ಹೇಳೋ ಕಾದಂಬರಿ

ಒಂದು ಕಾದಂಬರಿ ಬರೋದಿದೆ, ಯಂಗ್ ಅಡಲ್ಟ್, ಅಂದ್ರೆ ಹದಿಹರೆಯದೋರಿಗೆ ಅಂತ ಬರೆಯೋ ಥರದ್ದು, ನಾನು ಪ್ರೀ-ಆರ್ಡರ್ ಮಾಡಿ ಆಗ್ಲೇ ಎರಡು ತಿಂಗಳಾಯ್ತು. ಹೆಸರು ಹೇಳಲ್ಲ, ಯಾಕಂದ್ರೆ ಓದದೇ ಇರೋ ಪುಸ್ತಕಕ್ಕೆ ಈಗ್ಲೇ ಜೈ ಅನ್ನೋದು ನಂಗಿಷ್ಟ ಇಲ್ಲ, ಮತ್ತೆ ನಾನು ಹೇಳಕ್ಕೆ ಹೊರಟಿರೋದು ಆ ಒಂದೇ ಪುಸ್ತಕದ ಬಗ್ಗೆನೂ ಅಲ್ಲ. ಬ್ಲರ್ಬಲ್ಲಿ, ಅಂದ್ರೆ ಪುಸ್ತಕದ ಪುಟ್ಟ ಪರಿಚಯದಲ್ಲಿ, ಇರೋದು ಇಷ್ಟೇ: ಹದಿನಾರರ ಹುಡುಗಿ, ಅಣ್ಣ ಸತ್ತಿದಾನೆ, ಅವನ ಫೋನಿನ ಅಲಾರಂ ಮಾತ್ರ ಇನ್ನೂ ದಿನಾ ಬೆಳಿಗ್ಗೆ 5:40ಕ್ಕೆ ಹೊಡ್ಕೊಳತ್ತೆ, ಅದನ್ನ ಆಫ್ ಮಾಡಕ್ಕೆ ಮನೇಲಿ ಯಾರಿಗೂ ಕೈ ಏಳ್ತಿಲ್ಲ. ಇಷ್ಟು ಓದಿದ್ದೇ ನಾನು ದುಡ್ಡು ಕಟ್ಬಿಟ್ಟೆ.

ನನ್ನ ತಂಗಿ ಕೇಳಿದ್ಲು, "ಅಕ್ಕ, ದುಡ್ಡು ಕೊಟ್ಟು ಅಳಕ್ಕೆ ನಿಂಗೆ ಇಷ್ಟು ಆತುರನಾ?" ನಕ್ಕು ಸುಮ್ನಾದೆ, ಆದ್ರೆ ಅವಳಿಗೆ ಎರಡು ವಾಕ್ಯದಲ್ಲಿ ಉತ್ತರ ಕೊಡಕ್ಕೆ ಹೋಗಿ ಆಗ್ಲಿಲ್ಲ, ಯಾಕಂದ್ರೆ ಅದಕ್ಕೆ ಮೊದ್ಲು ದುಃಖ ಅನ್ನೋದು ಹೆಂಗೆ ಕೆಲಸ ಮಾಡತ್ತೆ, ಅದೂ ಹದಿನೈದು ಹದಿನಾರರಲ್ಲಿ ಹೆಂಗೆ, ಅಂತ ಹೇಳ್ಬೇಕಾಗತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಅದರ ಬಗ್ಗೆ ಇರೋ ಐಡಿಯಾನೇ ಉಲ್ಟಾ, ಮತ್ತೆ ಎಷ್ಟೋ ಕಾದಂಬರಿಗಳೂ ಆ ಉಲ್ಟಾ ಐಡಿಯಾನ ಇಟ್ಕೊಂಡೇ ಬರೆದಿರೋವು.

ಆ ಐಡಿಯಾ ಯಾವ್ದು ಅಂದ್ರೆ ಐದು ಹಂತ. ಮೊದ್ಲು ನಂಬಲ್ಲ, ಆಮೇಲೆ ಕೋಪ, ಆಮೇಲೆ ದೇವ್ರ ಹತ್ರ ಚೌಕಾಸಿ, ಆಮೇಲೆ ಖಿನ್ನತೆ, ಕೊನೆಗೆ ಒಪ್ಕೊಳೋದು, ಮುಗೀತು. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನೋ ಸೈಕಿಯಾಟ್ರಿಸ್ಟ್ 1969ರಲ್ಲಿ ಬರೆದ ಪುಸ್ತಕದಿಂದ ಬಂದಿದ್ದು ಇದು. ತಮಾಷೆ ಏನಂದ್ರೆ ಅವ್ರು ಮಾತಾಡ್ಸಿದ್ದು ಯಾರನ್ನೋ ಕಳ್ಕೊಂಡೋರನ್ನಲ್ಲ, ಷಿಕಾಗೋದ ಆಸ್ಪತ್ರೇಲಿ ತಾವೇ ಸಾಯ್ತಾ ಇದ್ದ ರೋಗಿಗಳನ್ನ. ನಾನು ಸಾಯ್ತೀನಿ ಅಂತ ಗೊತ್ತಾದೋರ ಮನಸ್ಸಲ್ಲಿ ಏನೇನು ಓಡತ್ತೆ ಅಂತ ಅವ್ರು ಬರೆದಿದ್ದನ್ನ ಜನ ತಗೊಂಡೋಗಿ ಉಳಿದೋರ ಮೇಲೆ ಹಾಕಿದ್ರು. ಅವರೇ ಕೊನೆಗಾಲದಲ್ಲಿ ದುಃಖದ ಬಗ್ಗೆ ಬರೆಯೋ ಡೇವಿಡ್ ಕೆಸ್ಲರ್ ಜೊತೆ ಸೇರಿ ಬರೆದ ಪುಸ್ತಕದಲ್ಲಿ, ಈ ಹಂತಗಳನ್ನ ಅಚ್ಚುಕಟ್ಟಾಗಿ ಒಂದರ ಹಿಂದೆ ಒಂದು ಜೋಡಿಸಿಡಕ್ಕೆ ಹೇಳಿದ್ದಲ್ಲ ಅಂತ ಹೇಳಿದಾರೆ. ಅಷ್ಟೊತ್ತಿಗೆ ಊರೆಲ್ಲಾ ಹಬ್ಬಿಬಿಟ್ಟಿತ್ತು. ಕಥೆ ಬರೆಯೋರಿಗೆ ಇದು ಎಷ್ಟು ಅನುಕೂಲ ನೋಡಿ, ಐದು ಹಂತ ಅಂದ್ರೆ ಐದು ಭಾಗ, ಕೊನೇ ಅಧ್ಯಾಯದಲ್ಲಿ ಹೀರೋ ಸಮುದ್ರದ ಮುಂದೆ ನಿಂತು ಉಸಿರು ಬಿಟ್ರೆ ಕಾದಂಬರಿ ರೆಡಿ. ಇಂಥ ಸಮುದ್ರಗಳನ್ನ ನಾನು ಬೇಕಾದಷ್ಟು ನೋಡಿದೀನಿ.

ಈಗ ನಿಜ್ವಾಗ್ಲೂ ನಡೆಯೋದು ಹೆಂಗೆ ಅನ್ನೋದಕ್ಕೆ ಒಂದು ಘಟನೆ ಹೇಳ್ತೀನಿ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ನನ್ನ ಪಕ್ಕ ಕೂರ್ತಿದ್ದ ಹುಡುಗಿ ತಂದೆ ತೀರ್ಕೊಂಡ್ರು. ಸ್ವಲ್ಪ ದಿನ ಬಿಟ್ಟು ಅವಳು ಕ್ಲಾಸಿಗೆ ವಾಪಸ್ ಬಂದ್ಲು, ನಮಗ್ಯಾರಿಗೂ ಏನ್ ಮಾತಾಡ್ಬೇಕು ಅಂತ ಗೊತ್ತಿಲ್ಲ, ಎಲ್ಲಾ ಅವಳ ಪೆನ್ಸಿಲ್ ಬಾಕ್ಸ್ ನೋಡ್ಕೊಂಡು ಕೂತಿದ್ವಿ, ಅವತ್ತೇ ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗ ಮೇಷ್ಟ್ರ ಥರ ಮಿಮಿಕ್ರಿ ಮಾಡ್ದ, ಇವಳು ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ಲು, ಕಣ್ಣಲ್ಲಿ ನೀರು ಬರೋಷ್ಟು. ಹೊರಗೆ ಹೋಗ್ತಾ ಇನ್ನೊಬ್ಳು ನನ್ನ ಕಿವೀಲಿ, "ನೋಡೇ, ಅವಳಿಗೆ ಏನೂ ಅನ್ಸೇ ಇಲ್ಲ" ಅಂದ್ಲು. ನಾನೂ ಹೂಂಗುಟ್ಟಿದೆ. ಇಪ್ಪತ್ತು ವರ್ಷ ಆದ್ಮೇಲೂ ಆ ಹೂಂ ನನ್ನ ಗಂಟಲಲ್ಲಿ ಕೂತಿದೆ.

ಏನೂ ಅನ್ಸಿಲ್ಲ ಅಂತಲ್ಲ, ದುಃಖ ಇರೋದೇ ಹಂಗೆ. ಮಾರ್ಗರೆಟ್ ಸ್ಟ್ರೀಬೆ, ಹೆಂಕ್ ಸ್ಖುಟ್ ಅನ್ನೋ ಇಬ್ರು ಸಂಶೋಧಕರು 1999ರಲ್ಲಿ ಇದಕ್ಕೊಂದು ಮಾದರಿ ಕೊಟ್ರು, ನಂಗೆ ಗೊತ್ತಿರೋದ್ರಲ್ಲಿ ಇದೇ ಎಲ್ಲಕ್ಕಿಂತ ಪ್ರಯೋಜನದ್ದು. ಅವ್ರು ಹೇಳೋದು ದುಃಖದಲ್ಲಿರೋರು ಎರಡು ಕಡೆ ಓಡಾಡ್ತಿರ್ತಾರೆ ಅಂತ. ಒಂದು ಕಡೆ ಹೋದೋರ ನೆನಪು, ಅಳು, ಫೋಟೋ, ಯಾಕೆ ಹಿಂಗಾಯ್ತು ಅನ್ನೋ ಪ್ರಶ್ನೆ. ಇನ್ನೊಂದು ಕಡೆ ಬದುಕಿನ ಕೆಲಸ, ಅಂದ್ರೆ ನಾಳೆ ಟೆಸ್ಟು, ಅಪ್ಪ ಮಾಡ್ತಿದ್ದ ಕೆಲಸ ಈಗ ಯಾರು ಮಾಡೋದು, ಹೊಸ ಪಾತ್ರ, ಹೊಸ ಸ್ನೇಹ, ನಗು. ಉಯ್ಯಾಲೆ ಥರ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ತೂಗ್ತಾನೇ ಇರೋದು, ಒಂದೇ ದಿನದಲ್ಲಿ ಹತ್ತು ಸಲ ಬೇಕಾದ್ರೂ. ಈ ತೂಗಾಟ ದುಃಖದಿಂದ ತಪ್ಪಿಸ್ಕೊಳೋದಲ್ಲ, ದುಃಖ ಪಡೋದಂದ್ರೇ ಇದು. ಸದಾ ಒಂದೇ ಕಡೆ ಸಿಕ್ಕಾಕೊಂಡ್ರೆ ಮಾತ್ರ ಕಷ್ಟ. ಮಕ್ಕಳಲ್ಲಿ ಈ ತೂಗಾಟ ಇನ್ನೂ ಜೋರು, ಮಕ್ಕಳ ಜೊತೆ ಕೆಲಸ ಮಾಡೋ ಕೌನ್ಸೆಲರ್‌ಗಳು ಇದನ್ನ ನೀರಿನ ಗುಂಡೀಲಿ ಧುಮುಕಿ ಈಚೆ ನೆಗೆಯೋದಕ್ಕೆ ಹೋಲಿಸ್ತಾರೆ, ದೊಡ್ಡೋರು ನದಿ ದಾಟಿದ ಹಂಗೆ ಒದ್ದಾಡ್ತಾ ದಾಟಿದ್ರೆ ಮಕ್ಕಳು ಪಚಕ್ ಅಂತ ಒಳಗೆ, ಪಚಕ್ ಅಂತ ಹೊರಗೆ.

ಸರಿ, ಹದಿಹರೆಯದೋರು ಮಕ್ಕಳಾ ದೊಡ್ಡೋರಾ? ಕಷ್ಟ ಇರೋದೇ ಇಲ್ಲಿ. ಸಾವು ಅಂದ್ರೆ ಏನು ಅಂತ ಅವರಿಗೆ ಪೂರ್ತಿ ಅರ್ಥ ಆಗಿರತ್ತೆ. ಮಾರಿಯಾ ನಾಗಿ ಅನ್ನೋರು ಬುಡಾಪೆಸ್ಟಲ್ಲಿ 3ರಿಂದ 10 ವರ್ಷದ 378 ಮಕ್ಕಳನ್ನ ಮಾತಾಡ್ಸಿ, ಬರೆಸಿ, ಅವರ ಕೈಲಿ ಚಿತ್ರ ಬಿಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ತೀರಾ ಚಿಕ್ಕೋರು ಸಾವನ್ನ ನಿದ್ದೆ ಥರ, ಪ್ರಯಾಣದ ಥರ ಅನ್ಕೊಳ್ತಾರೆ, ಒಂಬತ್ತು ಹತ್ತರ ಹೊತ್ತಿಗೆ ಇದು ಎಲ್ಲರಿಗೂ ಬರೋದು, ಬಂದ್ರೆ ವಾಪಸ್ಸಿಲ್ಲ ಅಂತ ತಿಳಿಯತ್ತೆ ಅಂತ. ಅಂದ್ರೆ ಹದಿನೈದರಲ್ಲಿ ತಿಳುವಳಿಕೆ ದೊಡ್ಡೋರ್ದೇ. ಆದ್ರೆ ಭಾವನೆಗೆ ಲಗಾಮು ಹಾಕೋ ಮೆದುಳಿನ ಮುಂಭಾಗ ಪೂರ್ತಿ ಬಲಿಯಕ್ಕೆ ಇಪ್ಪತ್ತೈದರ ಆಸುಪಾಸು ಆಗ್ಬೇಕು. ಅರ್ಥ ಆಗತ್ತೆ, ತಡ್ಕೊಳಕ್ಕೆ ಆಗಲ್ಲ.

ಅದರ ಜೊತೆಗೆ ಇನ್ನೊಂದಿದೆ. ಡೇವಿಡ್ ಎಲ್‌ಕೈಂಡ್ ಅನ್ನೋ ಸೈಕಾಲಜಿಸ್ಟ್ 1967ರಲ್ಲೇ ಹೇಳಿದ್ದು, ಈ ವಯಸ್ಸಲ್ಲಿ ತಲೆಯೊಳಗೆ ಒಂದು ಕಾಲ್ಪನಿಕ ಪ್ರೇಕ್ಷಕರ ಗುಂಪು ಕೂತಿರತ್ತೆ, ಎಲ್ಲರೂ ನನ್ನನ್ನೇ ನೋಡ್ತಿದಾರೆ ಅಂತ ಸದಾ ಅನ್ಸತ್ತೆ, ಜೊತೆಗೆ ನನಗಾಗ್ತಿರೋದು ಜಗತ್ತಲ್ಲಿ ಇನ್ಯಾರಿಗೂ ಆಗಿಲ್ಲ ಅನ್ನೋ ನಂಬಿಕೆ. ಮೊಡವೆ ಬಂದಾಗ್ಲೇ ಇದು ತಡೆಯಕ್ಕಾಗಲ್ಲ, ಅಂಥದ್ರಲ್ಲಿ ಅಪ್ಪ ಸತ್ತ ಹುಡುಗಿ ಕ್ಲಾಸಿಗೆ ಬಂದು ಕೂತಾಗ ಎಲ್ಲರೂ ಅವಳನ್ನೇ ನೋಡ್ತಿರೋದು ನಿಜಾನೇ! ನಕ್ರೆ ಒಂದು ಮಾತು, ಅತ್ರೆ ಒಂದು ಮಾತು. ಅದಕ್ಕೇ ಎಷ್ಟೋ ಜನ ಒಳಗೇ ನುಂಗ್ಕೊಳ್ತಾರೆ, ಮನೇಲಿ ಉಳಿದಿರೋ ಅಮ್ಮನ ಮುಂದೆ ಅತ್ರೆ ಅಮ್ಮನೂ ಅಳ್ತಾರೆ ಅಂತ ಅಲ್ಲೂ ಇಲ್ಲ, ಕೋಪ ಮಾತ್ರ ಸಿಕ್ಕ ಸಿಕ್ಕ ಕಡೆ ಹೊರಗೆ ಬರತ್ತೆ. ಹೊರಗಿಂದ ನೋಡೋರಿಗೆ ಅದು ದುಃಖ ಅಂತ ಗೊತ್ತಾಗಲ್ಲ, ಕೊಬ್ಬು ಅಂತ ಕಾಣ್ಸತ್ತೆ.

ಇಂಥ ಕಡೆ ಯಂಗ್ ಅಡಲ್ಟ್ ಕಾದಂಬರಿ ಬೇರೆ ಯಾವ ಪ್ರಕಾರಕ್ಕೂ ಆಗದೇ ಇರೋ ಒಂದು ಕೆಲಸ ಮಾಡತ್ತೆ. ಲೇಬಲ್ ಪ್ರಕಾರ ಇದು 12ರಿಂದ 18ರೋರಿಗೆ, ಓದೋರಲ್ಲಿ ನನ್ನಂಥ ವಯಸ್ಸಾದೋರೂ ಬೇಕಾದಷ್ಟು ಜನ ಇದಾರೆ, ಅದಿರ್ಲಿ. ಮುಖ್ಯ ಏನಂದ್ರೆ ಕಥೆ ಹೇಳೋನು ಎಲ್ಲಿ ನಿಂತಿದಾನೆ ಅನ್ನೋದು. ದೊಡ್ಡೋರ ಕಾದಂಬರೀಲಿ ನಲವತ್ತರ ಮನುಷ್ಯ ಹಿಂದೆ ತಿರುಗಿ ತನ್ನ ಹದಿನಾರನ್ನ ನೋಡ್ತಾನೆ, ಅವನಿಗೆ ಮುಂದೇನಾಯ್ತು ಗೊತ್ತು, ನಾನು ಬದುಕುಳಿದೆ ಅಂತ ಗೊತ್ತು, ಆ ದನಿಯಲ್ಲೇ ಓದೋರಿಗೂ ಒಂದು ಧೈರ್ಯ ಸಿಕ್ಬಿಡತ್ತೆ. ಇಲ್ಲಿ ಹಂಗಿಲ್ಲ, ಹೇಳೋಳಿಗೇ ಹದಿನಾರು, ನಾಳೆ ಏನು ಅಂತ ಅವಳಿಗೇ ಗೊತ್ತಿಲ್ಲ, ಬಾಗ್ಲು ಎಲ್ಲಿದೆ ಅಂತ ಕಾಣದ ಕೋಣೇಲಿ ಕೂತು ಮಾತಾಡ್ತಿರ್ತಾಳೆ. ಈ ಪ್ರಕಾರದ ಶುರುವಲ್ಲೇ ಇರೋ ಲೇಖಕಿ ಎಸ್.ಇ. ಹಿಂಟನ್ ಅವ್ರು ತಮ್ಮ ಮೊದಲ ಕಾದಂಬರಿ ಬರೆಯಕ್ಕೆ ಕೂತಾಗ ಅವರಿಗೆ ಹದಿನೈದು, 1967ರಲ್ಲಿ ಅದು ಅಚ್ಚಾಗುವಾಗ ಹದಿನೆಂಟು. ಅದರಲ್ಲೂ ಸಾವುಗಳಿವೆ, ಸತ್ತಿದಾನೆ ಅಂತ ಒಪ್ಕೊಳಕ್ಕಾಗದೇ ಮನಸ್ಸು ಆಡೋ ಆಟ ಇದೆ. ವಯಸ್ಸಾದ್ಮೇಲೆ ನೆನಪಿಸ್ಕೊಂಡು ಬರೆದಿದ್ರೆ ಆ ಹಸಿತನ ಬರ್ತಿರ್ಲಿಲ್ಲ ಅಂತ ನನ್ನ ಅನಿಸಿಕೆ.

ಇನ್ನು ಆ ಅಲಾರಂ ವಿಷ್ಯಕ್ಕೆ ಬರ್ತೀನಿ, ನನ್ನ ಕೈಲಿ ದುಡ್ಡು ಕಟ್ಟಿಸಿದ್ದು ಅದೇ ಅಲ್ವಾ. ಮೇರಿ-ಫ್ರಾನ್ಸಿಸ್ ಓಕಾನರ್ ಅಂತ ಒಬ್ರು ದುಃಖದಲ್ಲಿರೋರ ಮೆದುಳನ್ನ ಸ್ಕ್ಯಾನ್ ಮಾಡಿ ಅಧ್ಯಯನ ಮಾಡೋರು, ಅವ್ರು 2022ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ದುಃಖ ಅನ್ನೋದು ಒಂಥರಾ ಕಲಿಕೆ ಅಂತಾರೆ. ನಮ್ಮೋರು ಅಂತ ಇರೋರ ಬಗ್ಗೆ ಮೆದುಳು ಒಂದು ನಕ್ಷೆ ಇಟ್ಕೊಂಡಿರತ್ತಂತೆ, ಎಲ್ಲಿರ್ತಾರೆ, ಯಾವಾಗ ಬರ್ತಾರೆ, ನಂಗೆ ಎಷ್ಟು ಹತ್ರ, ಅಂತ. ಸತ್ತಿದಾರೆ ಅನ್ನೋ ಸುದ್ದಿ ಒಂದು ನಿಮಿಷದಲ್ಲಿ ಗೊತ್ತಾಗ್ಬಿಡತ್ತೆ, ನಕ್ಷೆ ಬದಲಾಗಕ್ಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಅದಕ್ಕೇ ಸಂಜೆ ಗೇಟ್ ಸದ್ದಾದ್ರೆ ಅಪ್ಪ ಬಂದ್ರು ಅನ್ಸೋದು, ಫೋನ್ ಎತ್ತಿ ನಂಬರ್ ಒತ್ತೋವರೆಗೂ ಹೋಗಿ ನಿಲ್ಲೋದು. ಇದನ್ನ ವಿವರಿಸಕ್ಕೆ ಅವ್ರು ನಾರ್ವೆಯ ಒಂದು ಪ್ರಯೋಗ ತರ್ತಾರೆ. ಮೈ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅಂತ, 2014ರಲ್ಲಿ ನೊಬೆಲ್ ಬಂತಲ್ಲ, ಅವರ ಲ್ಯಾಬು. ಇಲಿ ಓಡಾಡೋ ಜಾಗದಲ್ಲಿ ಒಂದು ವಸ್ತು ಇಟ್ರು, ಆಮೇಲೆ ತೆಗೆದ್ರು. ಕೆಲವು ನರಕೋಶಗಳು ಆ ವಸ್ತು ಇಲ್ಲದ ಮೇಲೂ, ಅದು ಇದ್ದ ಜಾಗಕ್ಕೆ ಇಲಿ ಬಂದಾಗಲೆಲ್ಲ, ದಿನಗಟ್ಟಲೆ ಮಿಡಿತಾನೇ ಇದ್ವು. ಇಲ್ಲದೇ ಇರೋದನ್ನ ಗುರುತಿಸೋಕೆ ಅಂತಲೇ ಕೋಶಗಳಿವೆ! ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಗೋಡೆ ನೋಡ್ತಾ ಕೂತಿದ್ದೆ.

ಹಂಗಾಗಿ 5:40ರ ಅಲಾರಂ ಬರೀ ಕಣ್ಣೀರು ತರಿಸೋ ಟ್ರಿಕ್ ಅಲ್ಲ. ಅಣ್ಣ ಏಳೋ ಹೊತ್ತು ಅನ್ನೋದು ಆ ಮನೆಯೋರ ನಕ್ಷೇಲಿ ಇನ್ನೂ ಇದೆ, ಅಲಾರಂ ದಿನಾ ಬಂದು ಆ ಜಾಗನ ಮುಟ್ಟತ್ತೆ. ಬರೆದೋರು ಇದನ್ನ ಗೊತ್ತಿದ್ದೇ ಇಟ್ಟಿದಾರಾ ಇಲ್ಲ ಹಂಗೇ ಬಂತಾ, ಓದಿದ್ಮೇಲೆ ನೋಡ್ಬೇಕು.

ಆ ಅಲಾರಂನ ಕೊನೆಗೆ ಆಫ್ ಮಾಡ್ತಾಳಾ ಅನ್ನೋದೂ ಒಂದು ಪ್ರಶ್ನೆ, ಯಾಕಂದ್ರೆ ಇಲ್ಲೂ ಒಂದು ಹಳೇ ನಂಬಿಕೆ ಕೂತಿದೆ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1917ರ ಲೇಖನದಲ್ಲಿ ಹೇಳಿದ್ದನ್ನ ಹಿಡ್ಕೊಂಡು ಬಹಳ ಕಾಲ ಡಾಕ್ಟರ್‌ಗಳು, ಹೋದೋರಿಂದ ಮನಸ್ಸನ್ನ ಬಿಡಿಸ್ಕೊಂಡು ಬೇರೆ ಕಡೆ ಹಚ್ಚೋದೇ ವಾಸಿಯಾಗೋ ದಾರಿ ಅಂತಿದ್ರು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಅನ್ನೋ ಮೂವರು ಸಂಶೋಧಕರು ಸೇರಿ ತಂದ ಪುಸ್ತಕ ಇದನ್ನ ತಲೆಕೆಳಗು ಮಾಡ್ತು, ಸಂಬಂಧ ಕಡಿಯಲ್ಲ, ರೂಪ ಬದಲಾಯಿಸಿ ಮುಂದುವರಿಯತ್ತೆ ಅಂತ. ಸಿಲ್ವರ್‌ಮನ್ ಮತ್ತೆ ವಿಲಿಯಂ ವೋರ್ಡನ್ ಸೇರಿ ತಂದೆನೋ ತಾಯಿನೋ ಕಳ್ಕೊಂಡ 70 ಕುಟುಂಬದ 125 ಮಕ್ಕಳನ್ನ ಎರಡು ವರ್ಷ ಗಮನಿಸಿದ್ರು. ಬಹಳಷ್ಟು ಮಕ್ಕಳು ಹೋದೋರ ವಸ್ತು ಏನೋ ಒಂದು ಇಟ್ಕೊಂಡಿದ್ರು, ಎಷ್ಟೋ ಮಕ್ಕಳು ಅವರ ಜೊತೆ ಮಾತಾಡ್ತಿದ್ರು, ಅವ್ರು ನನ್ನನ್ನ ನೋಡ್ತಿದಾರೆ ಅಂತಿದ್ರು. ಇದ್ಯಾವ್ದೂ ಹುಚ್ಚಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸಿಕ್ತು, ಅಪ್ಪ ಅಮ್ಮ ಇಬ್ರೂ ಇರೋ ಮಕ್ಕಳಿಗೂ ಇವರಿಗೂ ಮನಸ್ಸಿನ, ನಡತೆಯ ತೊಂದರೆಗಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಂಡಿದ್ದು ಮೊದಲ ವರ್ಷದಲ್ಲಲ್ಲ, ಎರಡು ವರ್ಷ ಆದ್ಮೇಲೆ. ಅಷ್ಟೊತ್ತಿಗೆ ವಿಚಾರಿಸಕ್ಕೆ ಬರ್ತಿದ್ದೋರೆಲ್ಲಾ ಬರೋದು ಬಿಟ್ಟಿರ್ತಾರೆ.

ನನ್ನ ಗೊಣಗಾಟ ಒಂದಿದೆ: ಈ ಎರಡನೇ ವರ್ಷದ ಬಗ್ಗೆ ಬರೆಯೋರು ಕಮ್ಮಿ. ಸುಮಾರು ಕಾದಂಬರಿ ಸಾವಿಂದ ಶುರುವಾಗಿ ಒಂದು ಬೇಸಿಗೆ ರಜೆಯೊಳಗೆ ಮುಗಿಯತ್ತೆ. ಮಧ್ಯದಲ್ಲಿ ಊರಿಗೆ ಹೊಸದಾಗಿ ಒಬ್ಬ ಹುಡುಗ ಬರ್ತಾನೆ, ಗಿಟಾರ್ ಇರತ್ತೆ, ಅವನ ಪ್ರೀತಿಯಿಂದ ಇವಳ ದುಃಖ ಅರ್ಧ ಇಳಿಯತ್ತೆ. ಇನ್ನರ್ಧ ಇಳಿಸಕ್ಕೆ ಸತ್ತೋರು ಬರೆದಿಟ್ಟ ಪತ್ರ ಸಿಗತ್ತೆ. ಸತ್ತೋರೋ, ಬದುಕಿದ್ದಾಗ ಒಂದು ತಪ್ಪೂ ಮಾಡದ ದೇವತೆಗಳು, ಅವ್ರು ಯಾವತ್ತೂ ಬಾತ್‌ರೂಮಿಗೆ ತಂಗಿಗಿಂತ ಮುಂಚೆ ನುಗ್ಗಿದೋರಲ್ಲ, ಅವಳ ಚಾರ್ಜರ್ ಕದ್ದೋರಲ್ಲ. ನಿಜವಾದ ದುಃಖದಲ್ಲಿ ಒದ್ದಾಡ್ಸೋದೇ ಚಾರ್ಜರ್ ಜಗಳ, ಹಿಂದಿನ ರಾತ್ರಿ ನೀನು ಸಾಯಿ ಅಂತ ಕೋಪದಲ್ಲಿ ಅಂದಿದ್ದು.

ಆ ತಪ್ಪಿತಸ್ಥ ಭಾವನೆನ ಧೈರ್ಯವಾಗಿ ಹಿಡಿದ ಪುಸ್ತಕಗಳೂ ಇವೆ. ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್' 2011ರಲ್ಲಿ ಬಂತು, ಮೂಲ ಯೋಚನೆ ಅವರದ್ದಲ್ಲ, ಶಿವಾನ್ ಡೌಡ್ ಅನ್ನೋ ಲೇಖಕಿದು, ಅವ್ರು ಬರೆದು ಮುಗಿಸೋ ಮುಂಚೆನೇ 2007ರಲ್ಲಿ ಕ್ಯಾನ್ಸರಿಂದ ತೀರ್ಕೊಂಡ್ರು. ಅಮ್ಮನಿಗೆ ಕಾಯಿಲೆ ಇರೋ ಹುಡುಗ ಯಾವ ಒಂದು ಮಾತನ್ನ ಬಾಯಿಬಿಟ್ಟು ಹೇಳಕ್ಕಾಗದೇ ಒದ್ದಾಡ್ತಾನೆ ಅನ್ನೋದೇ ಪುಸ್ತಕ, ಅದೇನು ಅಂತ ಹೇಳಿ ನಿಮ್ಮ ಓದು ಕೆಡಿಸಲ್ಲ. ಸಾವು ಬರೋ ಮುಂಚೆನೇ ಶುರುವಾಗೋ ದುಃಖ ಅಂತ ಒಂದಿದೆ, ಎರಿಕ್ ಲಿಂಡೆಮನ್ ಅನ್ನೋ ಸೈಕಿಯಾಟ್ರಿಸ್ಟ್ 1944ರಷ್ಟು ಹಿಂದೇನೇ ಅದಕ್ಕೊಂದು ಹೆಸರು ಕೊಟ್ಟಿದ್ರು, ಆದ್ರೆ ಹದಿಮೂರರ ಹುಡುಗನಿಗೆ ಥಿಯರಿ ಕೊಟ್ರೆ ಏನುಪಯೋಗ, ಅವನಿಗೆ ಬೇಕಾಗಿರೋದು ನನ್ನಂಗೇ ಕೆಟ್ಟದಾಗಿ ಯೋಚಿಸಿದೋನು ಇನ್ನೊಬ್ಬ ಇದಾನೆ ಅಂತ ಗೊತ್ತಾಗೋದು.

ಇನ್ನು ಕೆಲವು ದುಃಖಕ್ಕೆ ಅಳೋ ಹಕ್ಕೇ ಸಿಗಲ್ಲ. ಕೆನೆತ್ ಡೋಕಾ ಅನ್ನೋ ಸಂಶೋಧಕರು 1989ರಲ್ಲಿ ಇದನ್ನ ವಿವರಿಸಿದ್ರು, ಸಮಾಜ ಒಪ್ಪದ, ಗುರುತಿಸದ ದುಃಖ ಅಂತ. ಹದಿಹರೆಯದಲ್ಲಿ ಇದು ಎಷ್ಟು ಜಾಸ್ತಿ ಯೋಚಿಸಿ: ಮನೇಲಿ ಗೊತ್ತಿಲ್ಲದ ಪ್ರೀತಿ, ಮುಖಾನೇ ನೋಡದ ಆನ್‌ಲೈನ್ ಗೆಳೆಯ, ಹೋದ ವರ್ಷ ಜಗಳ ಆಡಿ ಮಾತು ಬಿಟ್ಟಿದ್ದ ಬೆಸ್ಟ್ ಫ್ರೆಂಡು. ಇವರಲ್ಲಿ ಯಾರಾದ್ರೂ ಸತ್ರೆ "ನಿಂಗೇನಾಗ್ಬೇಕು ಅವನು?" ಅಂತ ಕೇಳ್ತಾರೆ, ಉತ್ತರ ಇರಲ್ಲ. ಒಡಹುಟ್ಟಿದೋರ ಕಥೇನೂ ಸ್ವಲ್ಪ ಹಂಗೇ, ಬಂದೋರೆಲ್ಲಾ "ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೋ" ಅಂತ ಹೇಳಿ ಹೋಗ್ತಾರೆ, ನೀನು ಹೆಂಗಿದೀಯ ಅಂತ ಕೇಳೋರು ಒಬ್ರೋ ಇಬ್ರೋ. ನಾನು ಕಾಯ್ತಿರೋ ಪುಸ್ತಕದ ಹುಡುಗಿ ತಂಗಿ ಆಗಿರೋದು ನಂಗೆ ಆಸೆ ಹುಟ್ಸಿರೋದು ಇದಕ್ಕೇ.

ಒಂದು ಎಚ್ಚರಿಕೆನೂ ಹೇಳ್ಬಿಡ್ತೀನಿ. ಕಾದಂಬರಿ ಔಷಧಿ ಅಲ್ಲ. ಬಹಳಷ್ಟು ಜನ ಸುತ್ತ ಇರೋರ ಆಸರೆಯಿಂದಲೇ ನಿಧಾನಕ್ಕೆ ಸುಧಾರಿಸ್ಕೊಳ್ತಾರೆ, ಆದ್ರೆ ಕೆಲವರಿಗೆ ದುಃಖ ಸಿಕ್ಕಾಕೊಂಡು ದಿನಾ ಮೊದಲ ದಿನದಷ್ಟೇ ತೀವ್ರವಾಗಿ ಇರತ್ತೆ, ಓದು ನಿದ್ದೆ ಸ್ನೇಹ ಎಲ್ಲಾ ಕೆಡತ್ತೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ 2022ರಲ್ಲಿ ಇದು ಒಂದು ಕಾಯಿಲೆಯಾಗಿ ಸೇರ್ತು, ದೊಡ್ಡೋರಿಗೆ ಕನಿಷ್ಠ 12 ತಿಂಗಳು, ಮಕ್ಕಳಿಗೆ ಹದಿಹರೆಯದೋರಿಗೆ 6 ತಿಂಗಳು ಆಗಿರ್ಬೇಕು ಅಂತ ಲೆಕ್ಕ. ದುಃಖಕ್ಕೂ ಗಡುವಾ ಅಂತ ಜಗಳಗಳೂ ಆದ್ವು, ನಂಗೂ ಆ ಗಡುವು ಕೇಳಿದ್ರೆ ಇರುಸುಮುರುಸು, ಆದ್ರೆ ಸಹಾಯ ಬೇಕಾದೋರಿಗೆ ಆ ಹೆಸರಿಂದ ಸಹಾಯ ಸಿಗತ್ತೆ ಅನ್ನೋದೂ ನಿಜ. ನಿಮ್ಮನೇಲಿ ಇರೋ ಹುಡುಗನೋ ಹುಡುಗಿನೋ ಸಾಯೋ ಮಾತಾಡ್ತಿದ್ರೆ ಪುಸ್ತಕ ಕೊಟ್ಟು ಸುಮ್ನಾಗ್ಬೇಡಿ, ತಡ ಮಾಡದೇ ಡಾಕ್ಟರ್ ಹತ್ರ ಕರ್ಕೊಂಡೋಗಿ.

ಪ್ರೀ-ಆರ್ಡರ್ ಯಾಕೆ, ಬಂದ್ಮೇಲೆ ತಗೋಬೋದಿತ್ತಲ್ಲ ಅಂತ ತಂಗಿ ಇನ್ನೊಂದು ಪ್ರಶ್ನೆ ಇಟ್ಟಿದ್ಲು. ಮುಂಗಡ ಆರ್ಡರ್‌ಗಳು ಸಾಮಾನ್ಯವಾಗಿ ಬಿಡುಗಡೆಯಾದ ಮೊದಲ ವಾರದ ಮಾರಾಟದ ಲೆಕ್ಕಕ್ಕೆ ಸೇರತ್ತೆ, ಎಷ್ಟು ಪ್ರತಿ ಅಚ್ಚು ಹಾಕ್ಬೇಕು, ಅಂಗಡಿಯೋರು ಎಷ್ಟು ತರಿಸ್ಬೇಕು ಅನ್ನೋದೂ ಅದನ್ನ ನೋಡೇ ನಿರ್ಧಾರ ಆಗೋದುಂಟು. ಡ್ರ್ಯಾಗನ್ ಇಲ್ಲದ, ರಾಜಕುಮಾರ ಇಲ್ಲದ, ಬರೀ ಒಂದು ಅಲಾರಂ ಇರೋ ಪುಸ್ತಕಕ್ಕೆ ಮೊದಲ ವಾರ ಅಂದ್ರೆ ಜೀವ. ವಿಮರ್ಶಕರಿಗೆ ಮುಂಚೆನೇ ಕಳಿಸೋ ಪ್ರತಿ ಓದಿದೋರು ಒಬ್ರು ಅತ್ತುಬಿಟ್ಟೆ ಅಂತ ಬರ್ಕೊಂಡಿದ್ರು, ಅದು ನಂಗೆ ಅಷ್ಟೇನೂ ಮುಖ್ಯ ಅನ್ಸಲಿಲ್ಲ, ಇನ್ನೊಬ್ರು "ಮೂರನೇ ಅಧ್ಯಾಯದಲ್ಲಿ ಜೋರಾಗಿ ನಕ್ಕೆ, ಆಮೇಲೆ ನಾಚಿಕೆ ಆಯ್ತು" ಅಂದಿದ್ರು, ಅವತ್ತು ಗ್ಯಾರಂಟಿ ಆಯ್ತು ಬರೆದೋರಿಗೆ ಉಯ್ಯಾಲೆ ಗೊತ್ತಿದೆ ಅಂತ.

ಆ ಒಂಬತ್ತನೇ ಕ್ಲಾಸಿನ ಹುಡುಗಿ ವಿಷ್ಯ ಇನ್ನೂ ಸ್ವಲ್ಪ ಇದೆ. ಟರ್ಮ್ ಮುಗಿದು ಪ್ರೋಗ್ರೆಸ್ ಕಾರ್ಡ್ ಕೊಟ್ರು, ಕೆಳಗೆ ಪೋಷಕರ ಸಹಿ ಅಂತ ಗೆರೆ, ಹಿಂದಿನ ಎರಡು ಟೆಸ್ಟಿಗೂ ಅವಳ ಅಪ್ಪನ ಸಹಿ ಇತ್ತು, ನೀಲಿ ಇಂಕಲ್ಲಿ, ಕೊನೇಲಿ ಉದ್ದಕ್ಕೆ ಎಳೆದ ಬಾಲ. ಅವಳು ಅವತ್ತು ಲೆಕ್ಕದ ನೋಟ್‌ಬುಕ್ ನಂಗೆ ಕೊಟ್ಟಿದ್ಲು ಕಾಪಿ ಮಾಡ್ಕೊಳಕ್ಕೆ. ಕೊನೇ ಪುಟ ತಿರುಗಿಸಿದ್ರೆ ಪುಟದ ತುಂಬ ಅದೇ ಸಹಿ, ಮೇಲಿಂದ ಕೆಳಗಿನವರೆಗೂ, ಮೊದಮೊದಲು ನಡುಗಿದ ಗೆರೆ, ಕೆಳಕೆಳಗೆ ಬರ್ತಾ ಹಂಗೇ ಅಪ್ಪನದೇ. ಕಾರ್ಡಿಗೆ ಕೊನೆಗೆ ಅವಳ ಅಮ್ಮನೇ ಸಹಿ ಹಾಕಿದ್ರು. ನಾನು ಆ ಪುಟ ನೋಡಿದೆ ಅಂತ ಅವಳಿಗೆ ಯಾವತ್ತೂ ಹೇಳಲಿಲ್ಲ, ನೋಟ್‌ಬುಕ್ ಮುಚ್ಚಿ ಮಾರನೇ ದಿನ ವಾಪಸ್ ಕೊಟ್ಟೆ, ಥ್ಯಾಂಕ್ಸ್ ಅಂದೆ.